ಹಾಡುಹಕ್ಕಿಗಳಲ್ಲಿ ಯಾವುದು ಯಾವುದಕ್ಕೆ ನೆಂಟ ಅಂತ ಡಿಎನ್‌ಎ ನೋಡಿ ಹೇಗೆ ಹೇಳುತ್ತಾರೆ?

ನೀವು ಕೇಳಿದ್ದು ಎರಡು ವಿಷಯ. ನೋಡಲು ಒಂದೇ ಥರ ಇರುವ ಹಕ್ಕಿಗಳು ಹತ್ತಿರದ ನೆಂಟರೇ ಅಲ್ವಾ, ಅದಕ್ಕೆ ಡಿಎನ್‌ಎ ಯಾಕೆ ಬೇಕು ಅನ್ನುವುದು ಒಂದು. ನಮ್ಮ ಕಡೆಯ ಹಕ್ಕಿಗಳ ಮೇಲೆ ಇಂಥ ಕೆಲಸ ನಡೆದಿದೆಯಾ ಅನ್ನುವುದು ಇನ್ನೊಂದು. ನಾನು ಜೀವಶಾಸ್ತ್ರ ಪಾಠ ಮಾಡುವವಳು, ಹಕ್ಕಿ ನೋಡುವ ಹುಚ್ಚೂ ಇದೆ. ಎರಡನೆಯ ಪ್ರಶ್ನೆಗೆ ಉತ್ತರ ಕೊಡುವುದೆಂದರೆ ನನಗೆ ತುಂಬಾ ಖುಷಿ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಹೊರಗಿನ ಚಹರೆಯ ಮಾತು. ನಮ್ಮ ಹೂತೋಟಗಳ ಸೂರಕ್ಕಿಯನ್ನು ಅಮೆರಿಕದ ಹಮ್ಮಿಂಗ್‌ಬರ್ಡ್ ಪಕ್ಕದಲ್ಲಿ ಇಟ್ಟು ನೋಡಿ. ಎರಡೂ ಪುಟ್ಟವು, ಮೈ ಮಿರಮಿರ ಮಿನುಗುತ್ತದೆ, ಮಕರಂದ ಹೀರಲು ಉದ್ದ ಕೊಕ್ಕು. ಆದರೆ ಎರಡಕ್ಕೂ ಹತ್ತಿರದ ಸಂಬಂಧವೇ ಇಲ್ಲ. ಸೂರಕ್ಕಿ ಹಾಡುಹಕ್ಕಿಗಳ ಗುಂಪಿನದು, ಹಮ್ಮಿಂಗ್‌ಬರ್ಡ್ ಬಾನಾಡಿ (ಸ್ವಿಫ್ಟ್) ಹಕ್ಕಿಗಳ ಕಡೆಯದು. ಒಂದೇ ಕೆಲಸ ಮಾಡಿ ಬದುಕುವ ಪ್ರಾಣಿಗಳು ಕಾಲಕ್ರಮೇಣ ಒಂದೇ ಥರ ಕಾಣತೊಡಗುತ್ತವೆ. ಕೊಕ್ಕು, ಬಣ್ಣ, ಕಾಲಿನ ಉದ್ದ ನೋಡಿ ಗುಂಪು ಮಾಡಿದರೆ ಇಲ್ಲಿ ಮೋಸ ಹೋಗುತ್ತೇವೆ. ಹಾಡನ್ನು ನಂಬಿದರೂ ಅಷ್ಟೇ. ನಮ್ಮ ಕವಿಗಳು ಅಷ್ಟೊಂದು ಹೊಗಳಿದ ಕೋಗಿಲೆ ವಿಜ್ಞಾನದ ಲೆಕ್ಕದಲ್ಲಿ ಹಾಡುಹಕ್ಕಿಯೇ ಅಲ್ಲ. ಕಾ ಕಾ ಅನ್ನುವ ಕಾಗೆ ಹಾಡುಹಕ್ಕಿ. ಕಾಗೆ, ಗುಬ್ಬಿ, ಪಿಕಳಾರ, ಮಡಿವಾಳ, ಗೀಜಗ, ಕಾಜಾಣ ಎಲ್ಲ ಒಂದೇ ದೊಡ್ಡ ಮನೆತನದವು. ಜಗತ್ತಿನ ಹಕ್ಕಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಮನೆತನಕ್ಕೇ ಸೇರಿವೆ.

ಡಿಎನ್‌ಎ ಇಲ್ಲಿ ಏನು ಮಾಡುತ್ತದೆ? ಹಳೆಯ ಓಲೆಗರಿಗಳನ್ನು ನೆನೆಸಿಕೊಳ್ಳಿ. ಒಂದು ಕಾವ್ಯವನ್ನು ಒಬ್ಬ ಪ್ರತಿ ಮಾಡುವಾಗ ಒಂದು ಅಕ್ಷರ ತಪ್ಪಿದರೆ, ಅವನ ಪ್ರತಿ ನೋಡಿ ಬರೆದವರೆಲ್ಲರಲ್ಲೂ ಅದೇ ತಪ್ಪು ಬರುತ್ತದೆ. ಸಂಪಾದಕರು ಆ ತಪ್ಪುಗಳನ್ನು ಹಿಡಿದೇ ಯಾವ ಪ್ರತಿ ಯಾವುದರಿಂದ ಬಂತು ಅಂತ ಹೇಳುತ್ತಾರೆ. ಡಿಎನ್‌ಎಯಲ್ಲೂ ಹಾಗೇ. ನಾಲ್ಕೇ ಅಕ್ಷರ, ಪೀಳಿಗೆಯಿಂದ ಪೀಳಿಗೆಗೆ ನಕಲು, ಆಗೊಮ್ಮೆ ಈಗೊಮ್ಮೆ ಒಂದು ತಪ್ಪು. ಎರಡು ಹಕ್ಕಿಗಳಲ್ಲಿ ಎಷ್ಟು ಅಕ್ಷರ ಬೇರೆ ಇದೆ ಅನ್ನುವುದಕ್ಕಿಂತ ಯಾವ ತಪ್ಪನ್ನು ಯಾರು ಯಾರು ಹಂಚಿಕೊಂಡಿದ್ದಾರೆ ಅನ್ನುವುದೇ ಮುಖ್ಯ. ಅದರಿಂದಲೇ ವಂಶವೃಕ್ಷ ಬರೆಯುವುದು.

ಬೇಕಾದದ್ದು ಒಂದು ಹನಿ ರಕ್ತ. ನಸುಕಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆ ಕಟ್ಟುತ್ತಾರೆ. ಸಿಕ್ಕ ಹಕ್ಕಿಯ ಅಳತೆ, ತೂಕ ತೆಗೆದುಕೊಂಡು, ರೆಕ್ಕೆಯ ಕೆಳಗಿನ ರಕ್ತನಾಳದಿಂದ ಒಂದಿಷ್ಟು ರಕ್ತ ತೆಗೆದು, ಕಾಲಿಗೆ ಉಂಗುರ ಹಾಕಿ ಬಿಟ್ಟುಬಿಡುತ್ತಾರೆ. ಅನುಮತಿ ಮತ್ತು ತರಬೇತಿ ಇಲ್ಲದೆ ಯಾರೂ ಇದನ್ನು ಮಾಡುವ ಹಾಗಿಲ್ಲ. ನಮ್ಮ ಕೆಂಪು ರಕ್ತಕಣಗಳಲ್ಲಿ ಕೋಶಕೇಂದ್ರ ಇರುವುದಿಲ್ಲ, ಹಕ್ಕಿಗಳದ್ದರಲ್ಲಿ ಇರುತ್ತದೆ. ಹಾಗಾಗಿ ಅಷ್ಟು ಸಣ್ಣ ಹನಿಯಲ್ಲೇ ಬೇಕಾದಷ್ಟು ಡಿಎನ್‌ಎ ಸಿಗುತ್ತದೆ. ಇವತ್ತು ಹಿಡಿಯಲಾಗದ ಹಕ್ಕಿಯಾದರೆ, ಮ್ಯೂಸಿಯಂನಲ್ಲಿ ನೂರು ವರ್ಷದಿಂದ ಇರುವ ಮಾದರಿಯ ಕಾಲ್ಬೆರಳಿನ ಅಡಿಯಿಂದ ಚೂರು ಚರ್ಮ ತೆಗೆದರೂ ನಡೆಯುತ್ತದೆ.

ಕಾಲದ ಲೆಕ್ಕವೂ ಸಿಗುತ್ತದೆ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಇದೆ. ಹಕ್ಕಿಗಳ ಮೈಟೊಕಾಂಡ್ರಿಯಾದ ಒಂದು ಜೀನ್‌ನಲ್ಲಿ, ಬೇರೆಯಾದ ಎರಡು ಕವಲುಗಳ ನಡುವೆ ಹತ್ತು ಲಕ್ಷ ವರ್ಷಕ್ಕೆ ಸುಮಾರು ಶೇ. 2ರಷ್ಟು ವ್ಯತ್ಯಾಸ ಬೆಳೆಯುತ್ತದೆ. ಇದು ಅಂದಾಜು, ಗಡಿಯಾರದಷ್ಟು ಕರಾರುವಾಕ್ಕಲ್ಲ. ಆದರೂ ಸಾವಿರ ವರ್ಷದ ಮಾತೋ ಹತ್ತಾರು ಲಕ್ಷ ವರ್ಷದ ಮಾತೋ ಅಂತ ಹೇಳಲು ಸಾಕು.

ಈ ದಾರಿ ತೆರೆದವರಲ್ಲಿ ಅಮೆರಿಕದ ಚಾರ್ಲ್ಸ್ ಸಿಬ್ಲಿ ಮತ್ತು ಜಾನ್ ಆಲ್‌ಕ್ವಿಸ್ಟ್ ಮುಖ್ಯರು. 1970 ಮತ್ತು 80ರ ದಶಕಗಳಲ್ಲಿ ಅಕ್ಷರ ಅಕ್ಷರ ಓದುವುದು ತುಂಬಾ ಕಷ್ಟವಿತ್ತು. ಅವರು ಎರಡು ಜಾತಿಯ ಡಿಎನ್‌ಎ ಎಳೆಗಳನ್ನು ಜೋಡಿಸಿ, ನಿಧಾನವಾಗಿ ಬಿಸಿ ಮಾಡಿ, ಎಷ್ಟು ಶಾಖಕ್ಕೆ ಬಿಟ್ಟುಕೊಳ್ಳುತ್ತವೆ ಅಂತ ಅಳೆದರು. ಹತ್ತಿರದ ನೆಂಟರಾದರೆ ಹೊಂದಿಕೆ ಜಾಸ್ತಿ, ಬಿಡಿಸಲು ಹೆಚ್ಚು ಶಾಖ ಬೇಕು. ಆಸ್ಟ್ರೇಲಿಯಾದ ರಾಬಿನ್, ರೆನ್‌ಗಳು ಯುರೋಪಿನ ಅದೇ ಹೆಸರಿನ ಹಕ್ಕಿಗಳ ನೆಂಟರು ಅಂತ ಎಲ್ಲರೂ ನಂಬಿದ್ದರು. ಅಲ್ಲ, ಅವು ಆ ನೆಲದಲ್ಲೇ ಹುಟ್ಟಿ ಕವಲೊಡೆದವು ಅಂತ ಈ ಕೆಲಸ ತೋರಿಸಿತು. ಅವರ ವೃಕ್ಷದ ಎಷ್ಟೋ ಕೊಂಬೆಗಳನ್ನು ಮುಂದೆ ತಿದ್ದಬೇಕಾಯಿತು. 2004ರಲ್ಲಿ ಕೀತ್ ಬಾರ್ಕರ್ ಮತ್ತು ಸಂಗಡಿಗರು ಜೀನ್‌ಗಳನ್ನು ನೇರವಾಗಿ ಓದಿದಾಗ, ಹಾಡುಹಕ್ಕಿಗಳಲ್ಲಿ ಎಲ್ಲಕ್ಕಿಂತ ಮೊದಲು ಬೇರೆಯಾದ ಕವಲು ಆಸ್ಟ್ರೇಲಿಯಾದ ಲೈರ್‌ಬರ್ಡ್‌ಗಳದ್ದು ಅಂತ ಗಟ್ಟಿಯಾಯಿತು. 2019ರಲ್ಲಿ 137 ಕುಟುಂಬಗಳ ಹಕ್ಕಿಗಳ ಜೀನೋಮಿನಲ್ಲಿ 4,060 ಕಡೆ ಓದಿ ಮಾಡಿದ ಅಧ್ಯಯನ, ಕೊಂಬೆಯಲ್ಲಿ ಕೂರುವ ಹಕ್ಕಿಗಳ ಇಡೀ ಗುಂಪಿನ (ಹಾಡುಹಕ್ಕಿಗಳೂ ಇದರೊಳಗೇ) ಮೂಲವನ್ನು ಅದೇ ಭೂಭಾಗದಲ್ಲಿ, ಸುಮಾರು 4.7 ಕೋಟಿ ವರ್ಷಗಳ ಹಿಂದೆ ಗುರುತಿಸಿತು. ಅಂದರೆ ನಿಮ್ಮ ಹಿತ್ತಲಿನ ಪಿಕಳಾರದ ಮೂಲಪುರುಷರೂ ಆ ಕಡೆಯವರೇ!

ಈಗ ನಮ್ಮ ಕಡೆಯ ಕಥೆ. ಪಶ್ಚಿಮ ಘಟ್ಟದ ತುದಿಬೆಟ್ಟಗಳ ಶೋಲಾ ಕಾಡು ನಿಮಗೆ ಗೊತ್ತಿರಬಹುದು. ಹುಲ್ಲುಗಾವಲಿನ ನಡುವೆ, ಬೆಟ್ಟದ ಮಡಿಲುಗಳಲ್ಲಿ ಗುಬುರಾಗಿ ಬೆಳೆದ ಕುಳ್ಳ ಕಾಡು. ಅಲ್ಲಿ ನೆಲದ ಮೇಲೆ, ಪೊದೆಯ ನೆರಳಲ್ಲಿ ಓಡಾಡುವ ಕಡುನೀಲಿ ಬಣ್ಣದ, ಉದ್ದ ಕಾಲಿನ ಒಂದು ಹಕ್ಕಿ ಇದೆ. ನೀಲಗಿರಿಯಲ್ಲಿ ಇದರ ಪಕ್ಕೆ ಇಟ್ಟಿಗೆಗೆಂಪು, ದಕ್ಷಿಣದ ಬೆಟ್ಟಗಳಲ್ಲಿ ಆ ಕೆಂಪು ಇಲ್ಲ. ಎಷ್ಟೋ ಕಾಲ ಇದನ್ನು ಹಿಮಾಲಯದ ಶಾರ್ಟ್‌ವಿಂಗ್ ಎಂಬ ಹಕ್ಕಿಗಳ ಜೊತೆ ಸೇರಿಸಿದ್ದರು. ಆಮೇಲೆ ಇನ್ನೊಂದು ಗುಂಪಿಗೆ ಹಾಕಿದರು. ಎಲ್ಲಿಟ್ಟರೂ ಸರಿಯಾಗಿ ಕೂರಲಿಲ್ಲ.

ವಿ. ವಿ. ರಾಬಿನ್, ಉಮಾ ರಾಮಕೃಷ್ಣನ್, ಸುಷ್ಮಾ ರೆಡ್ಡಿ ಮತ್ತು ಸಂಗಡಿಗರು ಈ ಹಕ್ಕಿಗಳ ಡಿಎನ್‌ಎ ಓದಿದರು. ಉಮಾ ಅವರ ಪ್ರಯೋಗಾಲಯ ಇರುವುದು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್). 2017ರಲ್ಲಿ ಬಂದ ಅವರ ಫಲಿತಾಂಶ ನನ್ನ ಪ್ರಕಾರ ನಮ್ಮ ದೇಶದ ಪಕ್ಷಿವಿಜ್ಞಾನದ ಅತ್ಯಂತ ಸುಂದರ ಕೆಲಸಗಳಲ್ಲಿ ಒಂದು. ಈ ಹಕ್ಕಿ ಶಾರ್ಟ್‌ವಿಂಗ್ ಅಲ್ಲವೇ ಅಲ್ಲ. ನೀಲಿ ನೊಣಹಿಡುಕಗಳು ಮತ್ತು ಅವುಗಳ ನೆಂಟರಾದ ನಿಲ್ಟಾವಾ ಹಕ್ಕಿಗಳ ಕಡೆಗೆ ಹತ್ತಿರದ್ದು, ಆದರೆ ತನ್ನದೇ ಹಳೆಯ ಕವಲು. ಅದಕ್ಕೆ ಶೋಲಿಕೋಲಾ ಎಂಬ ಹೊಸ ಕುಲವನ್ನೇ ಮಾಡಬೇಕಾಯಿತು. ಅದರಲ್ಲಿ ಮೂರು ಜಾತಿ. ಘಟ್ಟದ ಸಾಲನ್ನು ಕಡಿಯುವ ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ ಒಂದು, ಅಲ್ಲಿಂದ ಇನ್ನೂ ದಕ್ಷಿಣದ ಸೆಂಗೋಟ್ಟೈ ಕಣಿವೆಯವರೆಗೆ ಇನ್ನೊಂದು, ಅದರಾಚೆ ಘಟ್ಟದ ದಕ್ಷಿಣ ತುದಿಯ ಅಶಂಬು ಬೆಟ್ಟಗಳಲ್ಲಿ ಮೂರನೆಯದು. ಈ ಮೂರನೆಯದು ವಿಜ್ಞಾನಕ್ಕೇ ಹೊಸದು.

ಅದೇ ಅಧ್ಯಯನದಲ್ಲಿ ಅವರು ಅದೇ ಕಾಡಿನ ನಗೆಮಲ್ಲ (ಲಾಫಿಂಗ್‌ಥ್ರಶ್) ಹಕ್ಕಿಗಳನ್ನೂ ನೋಡಿದರು. ಅವಕ್ಕೂ ಹಿಮಾಲಯದ ನಗೆಮಲ್ಲಗಳ ಜೊತೆ ನಾವು ಅಂದುಕೊಂಡಷ್ಟು ಹತ್ತಿರದ ನಂಟಿಲ್ಲ. ಅವಕ್ಕೂ ಹೊಸ ಕುಲ, ಮಾಂಟೆಸಿಂಕ್ಲಾ. ಅದರಲ್ಲಿ ನಾಲ್ಕು ಜಾತಿ. ಪಾಲಕ್ಕಾಡ್ ಮತ್ತು ಸೆಂಗೋಟ್ಟೈ ಕಣಿವೆಗಳು ಇಲ್ಲೂ ಗಡಿ ಹಾಕಿವೆ. ಜೊತೆಗೆ ವಯನಾಡಿನ ಬಾಣಾಸುರ ಬೆಟ್ಟದ ಜಾತಿಯೇ ಬೇರೆ, ನೀಲಗಿರಿಯದೇ ಬೇರೆ. ನಡುವೆ ಚಾಲಿಯಾರ್ ನದಿಯ ಕಣಿವೆ ಇದೆ.

ನನಗೆ ಮೈನವಿರೇಳುವುದು ಇಲ್ಲೇ. ಒಂದಕ್ಕೊಂದು ದೂರದ ಎರಡು ಗುಂಪು. ಒಂದು ನೆಲದಲ್ಲಿ ಅಡಗಿ ಬದುಕುತ್ತದೆ, ಇನ್ನೊಂದು ಪೊದೆಯಿಂದ ಪೊದೆಗೆ ಗಲಾಟೆ ಮಾಡಿಕೊಂಡು ಹಾರುತ್ತದೆ. ಆದರೂ ಎರಡನ್ನೂ ಅವೇ ದೊಡ್ಡ ಕಣಿವೆಗಳು ತುಂಡು ಮಾಡಿವೆ. ರೆಕ್ಕೆ ಇದ್ದರೇನು, ಕೆಳಗಿನ ಬಿಸಿಲು ಬಯಲು ಇವುಗಳ ಪಾಲಿಗೆ ಸಮುದ್ರ. ಪಾಲಕ್ಕಾಡ್ ಕಣಿವೆಯ ಅಗಲ ಮೂವತ್ತು ನಲವತ್ತು ಕಿಲೋಮೀಟರ್ ಅಷ್ಟೇ. ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಈ ಹಕ್ಕಿಗಳು ಲಕ್ಷಾಂತರ ವರ್ಷದಿಂದ ಅದನ್ನು ದಾಟಿ ಒಂದಾಗಿಲ್ಲ.

ಹೆಸರು ಬದಲಾದರೆ ಹಕ್ಕಿಗೇನು ಲಾಭ ಅಂತ ನೀವು ಕೇಳಬಹುದು. ಲಾಭ ಇದೆ. ಇಡೀ ಘಟ್ಟದ ತುಂಬ ಒಂದೇ ಜಾತಿ ಅಂದುಕೊಂಡಾಗ, ಒಂದು ಬೆಟ್ಟದಲ್ಲಿ ಹೋದರೆ ಇನ್ನೊಂದರಲ್ಲಿ ಇದೆಯಲ್ಲ ಅನ್ನಿಸುತ್ತದೆ. ಬಾಣಾಸುರದ ನಗೆಮಲ್ಲ ಬೇರೆ ಜಾತಿ ಅಂದ ಕೂಡಲೇ ಲೆಕ್ಕ ಬದಲಾಗುತ್ತದೆ. ಅದಕ್ಕಿರುವುದು ಕೆಲವೇ ಶಿಖರಗಳು. ಈಗ ಅದು ಅಳಿವಿನ ಅಪಾಯದಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಶೋಲಾ ಹುಲ್ಲುಗಾವಲುಗಳಲ್ಲಿ ಚಹಾ, ನೀಲಗಿರಿ ಮರ, ವ್ಯಾಟಲ್ ಅಂತ ನೆಟ್ಟು ಎಷ್ಟು ಜಾಗ ಕಳೆದಿದ್ದೇವೆ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ.

ಡಿಎನ್‌ಎ ಹೇಳಿದ್ದೆಲ್ಲ ವೇದವಾಕ್ಯವೂ ಅಲ್ಲ. ಮೈಟೊಕಾಂಡ್ರಿಯಾದ ಡಿಎನ್‌ಎ ಬರುವುದು ತಾಯಿಯಿಂದ ಮಾತ್ರ. ಹಿಂದೆ ಎಂದೋ ಎರಡು ಜಾತಿಗಳು ಕೂಡಿದ್ದರೆ, ಅದೊಂದೇ ಓದಿದವರಿಗೆ ತಪ್ಪು ವೃಕ್ಷ ಸಿಗಬಹುದು. ಅದಕ್ಕೇ ಕೋಶಕೇಂದ್ರದ ಜೀನ್‌ಗಳನ್ನೂ ಓದಬೇಕು, ಬಣ್ಣ ಮತ್ತು ಮೈಯಳತೆ ನೋಡಬೇಕು, ಹಾಡನ್ನು ರೆಕಾರ್ಡ್ ಮಾಡಿ ಹೋಲಿಸಬೇಕು. ಬರೀ ಒಂದು ಜೀನ್ ನೋಡಿ ಹೊಸ ಜಾತಿ ಅಂತ ಸುದ್ದಿ ಬಂದರೆ ನಾನು ಸ್ವಲ್ಪ ಕಾದು ನೋಡುತ್ತೇನೆ.

ಕೊಡಗು ಕಡೆಯವರಾದರೆ ನಿಮಗೊಂದು ಮಾತು. ಉತ್ತರದ ಶೋಲಿಕೋಲಾ ನೀಲಗಿರಿಯಲ್ಲಷ್ಟೇ ಅಲ್ಲ, ಬ್ರಹ್ಮಗಿರಿಯಲ್ಲೂ ಬಾಬಾಬುಡನ್‌ಗಿರಿಯಲ್ಲೂ ಇದೆ. ಹಳೆಯ ಪಕ್ಷಿ ಕೈಪಿಡಿಯಲ್ಲಿ ಹುಡುಕುವುದಾದರೆ ಶಾರ್ಟ್‌ವಿಂಗ್ ಅಂತ ನೋಡಿ. ಹೊಸ ಪಟ್ಟಿಗಳಲ್ಲಿ ನೀಲಗಿರಿ ಶೋಲಕಿಳಿ ಅಥವಾ ನೀಲಗಿರಿ ಬ್ಲೂ ರಾಬಿನ್ ಅಂತ ಇರುತ್ತದೆ. ಎರಡೂ ಒಂದೇ ಹಕ್ಕಿ.