ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕುವುದಿಲ್ಲ

ಶಿಡ್ಲಘಟ್ಟ ತಾಲ್ಲೂಕಿನ ಓದುಗರೊಬ್ಬರು ಎರಡು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಒಂದು ಬೆಳಗ್ಗೆ ದೀಪ ಹಚ್ಚಿ ಪೂಜೆಗೆ ಕೂತ ಹೊತ್ತಿಗೇ, ನಾಲ್ಕು ದಿನದಿಂದ ಬಾರದ ನಲ್ಲಿ ನೀರು ಬಂತು. ಪೂಜೆ ಅರ್ಧಕ್ಕೆ ಬಿಟ್ಟು ಬಿಂದಿಗೆ ಹಿಡಿದು ಓಡಿದರು. ಎರಡನೇ ಬಿಂದಿಗೆ ತುಂಬುವಷ್ಟರಲ್ಲಿ ನೀರು ನಿಂತಿತು. ಒಳಗೆ ಬಂದರೆ ಹಾಲು ಉಕ್ಕಿ ಒಲೆ ಆರಿತ್ತು. ಮಗಳ ಒಂದು ಕಾಲಿನ ಶೂ ಕಾಣೆ. ಹೊರಗೆ ಸ್ಕೂಲ್ ಬಸ್ಸಿನ ಹಾರ್ನ್. ಮಗಳ ಬೆನ್ನಿಗೆ ಒಂದು ಬಿಟ್ಟರು. ಬಸ್ಸು ಹೋದ ಮೇಲೆ ದೀಪದ ಮುಂದೆ ಕೂತು ಅತ್ತರು. "ಹನ್ನೆರಡು ವರ್ಷದಿಂದ ಒಂದು ದಿನ ಪೂಜೆ ತಪ್ಪಿಸಿಲ್ಲ. ತಾಳ್ಮೆ ಮಾತ್ರ ಬಂದಿಲ್ಲ. ಇದೆಲ್ಲ ದೇವರ ಪರೀಕ್ಷೆ ಅಂತಾರೆ ನಮ್ಮತ್ತೆ. ನಾನು ಫೇಲಾ ಸಾರ್? ನನ್ನ ನಂಬಿಕೆಯೇ ಸುಳ್ಳಾ?" ಇದು ಅವರ ಪ್ರಶ್ನೆ.

ತಾಯಿ, ನಮಸ್ಕಾರ.

ಮೊದಲು ನಲ್ಲಿಯ ವಿಷಯ ಮುಗಿಸಿಬಿಡೋಣ. ನಿಮ್ಮ ಅತ್ತೆಯವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಾಲ್ಕು ದಿನ ನೀರು ಬಾರದೇ ಇರುವುದು ದೇವರ ಪರೀಕ್ಷೆ ಅಲ್ಲ. ಪೈಪು ಒಡೆದದ್ದಕ್ಕೆ, ಮೋಟಾರು ಸುಟ್ಟದ್ದಕ್ಕೆ ಆ ಸ್ವಾಮಿಯನ್ನು ಯಾಕೆ ಎಳೆದು ತರಬೇಕು? ಐದಾರು ಮನೆಯವರು ಸೇರಿ ಅರ್ಜಿ ಬರೆಯಿರಿ. ಕೊಟ್ಟದ್ದಕ್ಕೆ ಸೀಲು ಹಾಕಿಸಿಕೊಳ್ಳಿ. ಅದರಿಂದ ಭಕ್ತಿ ಕಮ್ಮಿಯಾಗುವುದಿಲ್ಲ. ನೀರಿನ ವಿಷಯದಲ್ಲಿ ನಮ್ಮ ಜಿಲ್ಲೆಯವರಿಗೆ ತಾಳ್ಮೆ ಇಲ್ಲ ಅಂತ ಯಾರೂ ಅನ್ನುವ ಹಾಗೂ ಇಲ್ಲ ಬಿಡಿ. ಪಶ್ಚಿಮಘಟ್ಟದ ಹಳ್ಳಗಳ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆದದ್ದು 2014ರಲ್ಲಿ. ಸಕಲೇಶಪುರದ ಕಡೆ ಪಂಪು ಚಾಲೂ ಆದದ್ದು 2024ರಲ್ಲಿ. ಇಷ್ಟು ಕಾದವರಿಗೆ ತಾಳ್ಮೆಯ ಪಾಠ ಹೇಳಲು ನನಗಂತೂ ಬಾಯಿ ಬರುವುದಿಲ್ಲ.

ಈಗ ನಿಮ್ಮ ಸಿಟ್ಟಿನ ವಿಷಯ. ನಾನೇನೂ ಸಾಧು ಅಲ್ಲ. ಹೋದ ವರ್ಷ ಒಂದು ಜಮೀನಿನ ಕಾಗದಕ್ಕೆ ಒಂದು ಕಚೇರಿಗೆ ಮೂರು ದಿನ ಅಲೆದೆ. ಮೂರು ದಿನವೂ "ಸರ್ವರ್ ಇಲ್ಲ ಸಾರ್". ಮೂರನೇ ದಿನ ಕೌಂಟರಿನಲ್ಲಿ ಕೂತಿದ್ದ ಹುಡುಗನ ಮೇಲೆ ಕೂಗಾಡಿದೆ. ಪತ್ರಿಕೆಯಲ್ಲಿ ಬರೀತೀನಿ ಅಂತ ಬೆರಳು ಬೇರೆ ತೋರಿಸಿದೆ. ಹೊರಗೆ ಬಂದು ಕವರು ಬಿಚ್ಚಿ ನೋಡಿದರೆ ನನ್ನ ಆಧಾರ್ ಜೆರಾಕ್ಸೇ ಇರಲಿಲ್ಲ. ಸರ್ವರ್ ಇದ್ದಿದ್ದರೂ ಅವತ್ತು ನನ್ನ ಕೆಲಸ ಆಗುತ್ತಿರಲಿಲ್ಲ! ವಾಪಸ್ಸು ಹೋಗಿ ಆ ಹುಡುಗನ ಮುಖ ನೋಡಲು ಧೈರ್ಯ ಬರಲಿಲ್ಲ. ಈ ಮಾತು ನಮ್ಮ ಮನೆಯಲ್ಲಿ ಇನ್ನೂ ಹೇಳಿಲ್ಲ.

ನಿಮ್ಮ ಕಾಗದ ಓದುವಾಗ ನಮ್ಮಜ್ಜಿ ನೆನಪಾದರು. ನಮ್ಮ ಮನೆಯಲ್ಲೂ ಹುಳು ಇತ್ತು. ಎಂಟೊಂಬತ್ತು ವರ್ಷದವನಿದ್ದಾಗ ಒಂದು ತಟ್ಟೆಯ ಹುಳುಗಳು ಜ್ವರಕ್ಕೆ ಕೂತಿದ್ದವು. ನಿಮಗೆ ಹೇಳಬೇಕಿಲ್ಲ, ಬೇರೆ ಓದುಗರಿಗಾಗಿ ಹೇಳುತ್ತೇನೆ: ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೇ ಜ್ವರ ಅನ್ನುತ್ತಾರೆ. ಸುಮಾರು ಒಂದು ದಿನ ಹಿಪ್ಪುನೇರಳೆ ಸೊಪ್ಪು ಮುಟ್ಟುವುದಿಲ್ಲ. ತಲೆ ಮೇಲೆತ್ತಿ, ಯಾರನ್ನೋ ಕಾಯುತ್ತಿರುವ ಹಾಗೆ ಅಲ್ಲಾಡದೆ ಕೂತಿರುತ್ತದೆ. ನನಗೆ ಪಾಪ ಅನ್ನಿಸಿ, ಯಾರೂ ಇಲ್ಲದಾಗ ಒಂದು ಹಿಡಿ ಎಳೆಸೊಪ್ಪು ಹಾಕಿದೆ. ಮೊದಲು ಎದ್ದ ನಾಲ್ಕಾರು ಹುಳು ತಿಂದು ಮುಂದೆ ಹೋದವು. ಉಳಿದವು ಹಿಂದೆ ಬಿದ್ದವು. ಒಂದೇ ತಟ್ಟೆಯಲ್ಲಿ ದಪ್ಪ, ಸಣ್ಣ ಎರಡೂ ಆಗಿ ಆ ಬೆಳೆ ಕೊನೆವರೆಗೂ ಒಂದು ಸಮ ಬರಲಿಲ್ಲ. ಅಜ್ಜಿ ಹೊಡೆಯಲಿಲ್ಲ. ತಟ್ಟೆ ಮೇಲೆ ಸುಣ್ಣದ ಪುಡಿ ಉದುರಿಸುತ್ತಾ, "ಅದರ ಕೆಲಸ ಅದು ಮಾಡ್ತೈತೆ ಕಣೋ. ಈಗ ನಿನ್ನ ಕೈ ಸುಮ್ನಿರಬೇಕು" ಅಂದರು.

ಅದೇ ಅಜ್ಜಿ ನಾಲ್ಕನೇ ಜ್ವರ ಎದ್ದ ಮೇಲೆ ರಾತ್ರಿ ಹಗಲು ಮಲಗುತ್ತಿರಲಿಲ್ಲ. ಆಗ ಸೊಪ್ಪು ಒಂದು ಹೊತ್ತು ತಡವಾದರೂ ಮನೆಯವರಿಗೆಲ್ಲ ಬೈಗುಳ. ದೇವರನ್ನು ನಂಬುವುದು ಅಂದರೆ ನನಗೆ ತಿಳಿದಿರುವುದು ಇಷ್ಟೇ, ತಾಯಿ. ಸೊಪ್ಪು ಹಾಕುವ ಹೊತ್ತಲ್ಲಿ ಹಾಕುವುದು, ಹಾಕಬಾರದ ಹೊತ್ತಲ್ಲಿ ಕೈ ಹಿಂದಕ್ಕೆ ತಗೊಳ್ಳುವುದು. ನೀವು ಪ್ರತಿ ಬೆಳೆಗೂ ಇದನ್ನು ಮಾಡುತ್ತೀರಿ. ಚಾಕಿ ಹುಳು, ಅಂದರೆ ಎಳೆಹುಳು ತಂದು, ಜ್ವರ ಎಬ್ಬಿಸಿ, ಹಣ್ಣಾದದ್ದನ್ನು ಆರಿಸಿ ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಟ್ಟು, ಗೂಡು ಬಿಡಿಸಿ ಮಾರ್ಕೆಟ್ಟಿಗೆ ಕಳಿಸುತ್ತೀರಿ. ಅಲ್ಲಿ ರೇಟು ಕೂಗುವವರು ಬೇರೆಯವರು. ಆದರೂ ಮುಂದಿನ ಬೆಳೆಗೆ ಮತ್ತೆ ತಟ್ಟೆ ತೊಳೆಯುತ್ತೀರಿ. ತಾಳ್ಮೆ ಬಂದಿಲ್ಲ ಅಂತ ಯಾರು ಹೇಳಿದ್ದು? ಹುಳುಮನೆಯಲ್ಲಿ ಇರುವುದು ಅಡುಗೆಮನೆಗೆ ಇನ್ನೂ ಬಂದಿಲ್ಲ, ಅಷ್ಟೇ.

ಅದನ್ನು ತರುವುದು ಹೇಗೆ ಅಂದರೆ, ಕೈವಾರದ ಸಂತ ತಾತಯ್ಯನವರ ಕಥೆ ನಿಮಗೆ ಗೊತ್ತೇ ಇರುತ್ತದೆ. ಬಳೆ ಮಾರುತ್ತಿದ್ದವರು. ಗುರುಗಳು ಒಂದು ಕಲ್ಲು ಕೊಟ್ಟು, ಇದನ್ನು ಬಾಯಲ್ಲಿ ಇಟ್ಟುಕೊಂಡು ನಾರಾಯಣ ಮಂತ್ರ ಜಪಿಸು, ಕಲ್ಲುಸಕ್ಕರೆ ಆಗುವವರೆಗೂ ಬಿಡಬೇಡ ಅಂದರಂತೆ. ಕಲ್ಲು ಸಕ್ಕರೆ ಆಯಿತು ಅಂತ ಎಲ್ಲರೂ ಕೈ ಮುಗಿಯುತ್ತಾರೆ. ನಾನು ಅದಕ್ಕಿಂತ ಮುಂಚಿನ ದಿನಗಳನ್ನು ಜಾಸ್ತಿ ಯೋಚನೆ ಮಾಡುತ್ತೇನೆ. ಬಾಯಲ್ಲಿ ಕಲ್ಲಿದ್ದವರು ಯಾರನ್ನೂ ಬೈಯಲು ಆಗುವುದಿಲ್ಲ, ಅಲ್ವಾ? ನೀವು ಕಲ್ಲು ಹುಡುಕಲು ಹೋಗಬೇಡಿ. ಹಾರ್ನ್ ಕೇಳಿದಾಗ ಒಂದು ಗುಟುಕು ನೀರು ಬಾಯಲ್ಲಿ ಇಟ್ಟುಕೊಂಡು ಶೂ ಹುಡುಕಿ. ನಗಬೇಡಿ, ನಾನು ಫೋನ್ ಬಂದಾಗ ಮಾಡುತ್ತೇನೆ. ಹತ್ತರಲ್ಲಿ ನಾಲ್ಕು ಸಲ ಕೆಲಸ ಮಾಡುತ್ತದೆ.

ಅರ್ಧಕ್ಕೆ ಬಿಟ್ಟ ಪೂಜೆಯ ಬಗ್ಗೆ ಪ್ರಾಯಶ್ಚಿತ್ತ ಕೇಳಿದ್ದೀರಿ. ನೀರು ಹಿಡಿಯಲು ಎದ್ದವರಿಗೆ ಯಾವ ಪ್ರಾಯಶ್ಚಿತ್ತವೂ ಬೇಡ. ಆ ಏಟಿಗೆ ಮಾತ್ರ ಬೇಕು, ಅದನ್ನು ದೇವರ ಮುಂದೆ ಅಲ್ಲ, ಮಗಳ ಮುಂದೆ ಮಾಡಿಕೊಳ್ಳಿ. ಸ್ಕೂಲಿನಿಂದ ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು "ತಪ್ಪಾಯ್ತು ಕಂದ" ಅಂದರೆ ಸಾಕು.

ಅರ್ಜಿಯ ಒಂದು ನಕಲು ನಮಗೂ ಕಳಿಸಿ. ಅಂದ ಹಾಗೆ, ಎರಡು ಪುಟ ಬರೆದಿದ್ದೀರಿ, ಆ ಶೂ ಕೊನೆಗೆ ಎಲ್ಲಿ ಸಿಕ್ಕಿತು ಅಂತ ಬರೆದೇ ಇಲ್ಲ. ನಮ್ಮ ಆಫೀಸಿನಲ್ಲಿ ಎಲ್ಲರೂ ಕೇಳುತ್ತಿದ್ದಾರೆ.

— ಸಂ.