ಕೊಸಿಮೊ ಸಾಯಲೇಬೇಕಿತ್ತೇ?

‘ಇಟಲಿಯ ಹಳೆಯ ಹಾಸ್ಯಚಿತ್ರಗಳ ಬಗ್ಗೆ ನೀವು ಬರೆದದ್ದನ್ನು ಓದಿ ಮನೆಮಂದಿಯೆಲ್ಲ ಕೂತು “ಇ ಸೊಲಿತಿ ಇನ್ಯೋತಿ” ನೋಡಿದೆವು. ಪಕ್ಕದ ಮನೆಯ ಗೋಡೆ ಕೊರೆದು ಗಿರವಿ ಅಂಗಡಿ ದೋಚಲು ಹೊರಟ ಪೆದ್ದರನ್ನು ಕಂಡು ಚೆನ್ನಾಗಿ ನಕ್ಕೆವು. ನಡುವೆ ಕೊಸಿಮೊ ಟ್ರಾಮಿಗೆ ಸಿಕ್ಕಿ ಸತ್ತೇಹೋದ. ನಮ್ಮತ್ತೆ ಎದ್ದು ಒಳಗೆ ಹೋಗಿಬಿಟ್ಟರು. ದಣಿದವರು ನಗಲೆಂದು ಕೂತರೆ ಸಾವು ತೋರಿಸುವುದು ಯಾವ ಹಾಸ್ಯ?’
– ಓದುಗರೊಬ್ಬರು, ಶಿವಮೊಗ್ಗ

ಸಂಜೆ ದಣಿದು ಬಂದವರಿಗೆ ನಿರಾಳವಾಗಿ ನಗುವ ಹಕ್ಕಿದೆ, ಒಪ್ಪಿದೆ. ಆದರೆ ಕೊಸಿಮೊನನ್ನು ಬದುಕಿಸಿಕೊಡಿ ಅಂದರೆ ನಾನು ಒಪ್ಪುವವನಲ್ಲ.

ಅವನ ಕೊನೆಯ ದಿನವನ್ನು ಇನ್ನೊಮ್ಮೆ ನೆನೆಯಿರಿ. ಗಿರವಿ ಕಚೇರಿಗೆ ಹೋಗಿ ಪಿಸ್ತೂಲು ತೋರಿಸುತ್ತಾನೆ. ಕಿಟಕಿಯಾಚೆಯ ಗುಮಾಸ್ತ ಬೆದರುವುದಿಲ್ಲ. ಅದನ್ನು ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, ಬೆಲೆ ಕಟ್ಟುತ್ತಾನೆ! ಅಲ್ಲಿಗೆ ಬರುವವರೆಲ್ಲ ಏನನ್ನಾದರೂ ಅಡವಿಡಲು ಬಂದವರೇ ತಾನೆ. ನಮ್ಮ ನಗು ಇನ್ನೂ ಆರಿರುವುದಿಲ್ಲ, ಅಷ್ಟರಲ್ಲಿ ಅದೇ ಮನುಷ್ಯ ಒಬ್ಬ ಹೆಂಗಸಿನ ಕೈಚೀಲ ಕಸಿಯಲು ಹೋಗಿ ಟ್ರಾಮಿಗೆ ಸಿಕ್ಕುತ್ತಾನೆ. ನಗಿಸಿದ್ದೂ ಬಡತನ, ಕೊಂದದ್ದೂ ಅದೇ ಬಡತನ. ಒಂದನ್ನಿಟ್ಟುಕೊಂಡು ಇನ್ನೊಂದನ್ನು ಕತ್ತರಿಸುವುದು ಹೇಗೆ?

1958ರ ರೋಮ್ ಅದು. ಮಾರ್ಚೆಲ್ಲೊ ಮಾಸ್ತ್ರೊಯಾನಿಯ ಪಾತ್ರ ಫೋಟೊಗ್ರಾಫರನದು, ಆದರೆ ಕ್ಯಾಮೆರಾ ಮಾರಿಕೊಂಡಿದ್ದಾನೆ. ಕಳ್ಳಸಾಗಣೆಯ ಸಿಗರೇಟು ಮಾರಿ ಹೆಂಡತಿ ಜೈಲು ಸೇರಿದ್ದಾಳೆ, ಕೈಗೂಸು ಇವನ ತೋಳಲ್ಲಿ. ಇದನ್ನು ಬರೆದವರಲ್ಲಿ ಸೂಸೊ ಚೆಕ್ಕಿ ದಾಮಿಕೊ ಕೂಡ ಇದ್ದರು. ಸೈಕಲ್ ಕಳೆದುಕೊಂಡ ಬಡವನ ಕಥೆಯಾದ 1948ರ ‘ಬೈಸಿಕಲ್ ಥೀವ್ಸ್’ ಚಿತ್ರಕಥೆಯಲ್ಲೂ ಅವರ ಕೈಯಿದೆ.

ಈ ಮಾತಿಗೆ ನನ್ನದೊಂದು ಹಳೆಯ ನೋವಿದೆ. ಹಿಂದೆ ನಾನಿದ್ದ ಊರಿನ ಚಿತ್ರಸಮಾಜದವರು ಇಟಲಿಯ ಚಿತ್ರಗಳ ವಾರ ಮಾಡಿದಾಗ ಮಾರಿಯೊ ಮೊನಿಚೆಲ್ಲಿಯ ಈ ಚಿತ್ರವನ್ನು ಸೇರಿಸಿ ಎಂದು ಕೇಳಿಕೊಂಡೆ. ‘ಕಾಮಿಡಿ ಬೇಡ, ಗಂಭೀರವಾದದ್ದು ಇರಲಿ’ ಅಂದರು. ಸೈಕಲ್ ಕಳೆದುಕೊಂಡವನಿಗೆ ಕಣ್ಣೀರಿಟ್ಟ ಸಭೆಯಲ್ಲಿ ಕ್ಯಾಮೆರಾ ಮಾರಿಕೊಂಡವನಿಗೆ ಜಾಗವಿರಲಿಲ್ಲ. ನಗಿಸಿದವರನ್ನು ಎರಡನೇ ಸಾಲಿನಲ್ಲಿ ಕೂರಿಸುವ ಈ ಅಭ್ಯಾಸ ಎಲ್ಲ ಕಡೆಯೂ ಇದೆ. ಇದೇ ಚಿತ್ರದಲ್ಲಿರುವ ಇಟಲಿಯ ಹಾಸ್ಯನಟ ತೊತೊನನ್ನೇ ನೋಡಿ. ಬಟ್ಟೆ ಒಣಹಾಕಿದ ತಾರಸಿಯ ಮೇಲೆ ನಿಂತು ತಿಜೋರಿ ಒಡೆಯುವ ಪಾಠ ಹೇಳುತ್ತಾನಲ್ಲ, ಆ ಹೊತ್ತಿಗೆ ಅವನ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಗೊತ್ತಿದ್ದೂ ನೋಡಿದರೆ ಕೂಡ ಎಲ್ಲೂ ಒಂದು ಹೆಜ್ಜೆ ತಪ್ಪುವುದು ಕಾಣುವುದಿಲ್ಲ. ಅಂಥವನನ್ನು ಅವನ ದೇಶದ ವಿಮರ್ಶಕರು ಬದುಕಿರುವವರೆಗೆ ಹಗುರವಾಗಿಯೇ ಕಂಡರು. ಈಗ ನಮ್ಮ ಟೀವಿಯ ಹಾಸ್ಯಕ್ಕೆ ಬನ್ನಿ: ಬಿದ್ದವನಿಗೆ ನೋವಾಗುವುದಿಲ್ಲ, ಹಸಿದವನಿಗೆ ಹೊಟ್ಟೆಯಿಲ್ಲ, ನಮ್ಮ ಪಾಲಿನ ನಗುವನ್ನೂ ಅವರೇ ತುಂಬಿ ಕಳಿಸುತ್ತಾರೆ. ಅದನ್ನೇ ನೋಡಿ ನೋಡಿ, ಸಾವು ಬಂದ ಕೂಡಲೇ ಇದು ಹಾಸ್ಯವಲ್ಲ ಎನ್ನುವ ತೀರ್ಮಾನಕ್ಕೆ ನೀವೂ ಬಂದಿರಲ್ಲ, ಬೇಸರವಾಯಿತು. ಈ ಚಿತ್ರದ ಮರುವರ್ಷವೇ ಮೊನಿಚೆಲ್ಲಿ ‘ಲಾ ಗ್ರಾಂದೆ ಗುಎರ್ರಾ’ ಮಾಡಿದರು. ಮೊದಲ ಮಹಾಯುದ್ಧದ ಇಬ್ಬರು ಪುಕ್ಕಲು ಸಿಪಾಯಿಗಳ ಕಥೆ, ಕೊನೆಗೆ ಇಬ್ಬರೂ ಗುಂಡಿಗೆ ಬಲಿ. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ಅಲ್ಲಿನ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಸಿಂಹ ಸಿಕ್ಕಿತು, ಇನ್ನೊಂದು ಚಿತ್ರದ ಜೊತೆ ಹಂಚಿಕೊಂಡು.

ನಿಮ್ಮ ಮನೆಯಲ್ಲಿ ಈ ಚಿತ್ರವನ್ನು ಎಲ್ಲರಿಗಿಂತ ಚೆನ್ನಾಗಿ ನೋಡಿದವರು ನಿಮ್ಮ ಅತ್ತೆಯವರು. ಬರೀ ಕೋಡಂಗಿ ಸತ್ತಿದ್ದರೆ ಅವರೇಕೆ ಎದ್ದು ಹೋಗುತ್ತಿದ್ದರು? ಅಷ್ಟರಲ್ಲಾಗಲೇ ಕೊಸಿಮೊ ಅವರಿಗೆ ಪಕ್ಕದ ಮನೆಯ ಹುಡುಗನಂತೆ ಆಗಿಬಿಟ್ಟಿದ್ದ. ನನ್ನ ನಮಸ್ಕಾರ ತಿಳಿಸಿ, ಮತ್ತೆ ಕರೆದು ಕೂರಿಸಿ. ಅವರು ಎದ್ದುಹೋದ ಮೇಲೆಯೇ ಆ ಅಡುಗೆಮನೆ ಬರುವುದು. ರಾತ್ರಿಯಿಡೀ ಗೋಡೆ ಕೊರೆದರೆ ಅದು ಗಿರವಿಯವರ ಗೋಡೆಯಲ್ಲ, ಅದೇ ಮನೆಯ ಊಟದ ಕೋಣೆಗೂ ಅಡುಗೆಮನೆಗೂ ನಡುವಿನದು. ಒಲೆಯ ಬಳಿ ಕಡಲೆಕಾಳು ಹಾಕಿದ ಪಾಸ್ತಾ ಇದೆ. ಕದಿಯಲು ಬಂದವರು ಸುತ್ತ ಕೂತು, ಹೊಟ್ಟೆ ತುಂಬ ಉಣ್ಣುತ್ತಾರೆ.