ನನ್ನ ಕಾರಿನ ಟೈರಿನ ಮೇಲೆ 195/65 ಆರ್15 91ಎಚ್ ಅಂತ ಇದೆ. ಅದರ ಬದಲು 215/65 ಹಾಕಿಸಿದರೆ ಹಿಡಿತ ಜಾಸ್ತಿಯಾಗುತ್ತದೆಯೇ? ಯಾವ ಕಂಪನಿಯದು ಒಳ್ಳೆಯದು?

ಕಂಪನಿ ಯಾವುದು ಅನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. 215 ಬಗ್ಗೆ ನನ್ನ ಉತ್ತರ ಒಂದೇ: ಬೇಡ. ಅಗಲದ ಟೈರಿನ ಈ ಆಸೆ ನನಗೆ ಚೆನ್ನಾಗಿ ಪರಿಚಯ, ಅದು ಎಲ್ಲಿ ಕೈಕೊಡುತ್ತದೆ ಅನ್ನುವುದೂ ಗೊತ್ತು.

ನಿಮ್ಮ ಟೈರಿನ ಮೇಲೆ 195/65 ಆರ್15 91ಎಚ್ ಅಂತ ಇದೆ ಎಂದಿದ್ದೀರಿ. 195 ಅಂದರೆ ಅಗಲ, ಮಿಲಿಮೀಟರಿನಲ್ಲಿ. 15 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಆರ್ ಅಂದರೆ ರೇಡಿಯಲ್, ಟೈರಿನ ಒಳಗಿನ ಹೆಣಿಗೆಯ ಒಂದು ಬಗೆ. ಈಗ ಕಾರಿಗೆ ಬರುವುದು ಹೆಚ್ಚುಕಡಿಮೆ ಎಲ್ಲವೂ ಅದೇ. ಜನ ಎಡವುವುದು ನಡುವಿನ 65ರಲ್ಲಿ. ಅದು ಮಿಲಿಮೀಟರ್ ಅಲ್ಲ, ಶೇಕಡಾ ಲೆಕ್ಕ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ ಅಗಲದ ನೂರಕ್ಕೆ 65 ಭಾಗ ಅಂತ ಅರ್ಥ. 195ಕ್ಕೆ ಅದು 126.75 ಮಿ.ಮೀ. ಮೇಲೊಂದು, ಕೆಳಗೊಂದು ಸೇರಿ 253.5. ಅದಕ್ಕೆ 15 ಇಂಚಿನ ರಿಮ್ಮಿನ 381 ಕೂಡಿಸಿ: ಚಕ್ರದ ಒಟ್ಟು ವ್ಯಾಸ 634.5 ಮಿ.ಮೀ.

ಈಗ 65 ಹಾಗೇ ಇಟ್ಟು ಅಗಲ ಮಾತ್ರ 215 ಮಾಡಿ. ನೀವು ಹೆಚ್ಚಿಸಿದ್ದು ಅಗಲ, ಆದರೆ ಎತ್ತರವೂ ಜೊತೆಗೇ ಏರಿತು: ಸೈಡ್‌ವಾಲ್ 139.75, ಒಟ್ಟು ವ್ಯಾಸ 660.5. ಚಕ್ರ 26 ಮಿ.ಮೀ. ದೊಡ್ಡದು, ಅಂದರೆ ಶೇ. 4ರಷ್ಟು. ಮೀಟರ್ ಎಣಿಸುವುದು ಚಕ್ರದ ಸುತ್ತುಗಳನ್ನು. ಮೊದಲು 100 ತೋರಿಸುತ್ತಿದ್ದ ವೇಗಕ್ಕೆ ಈಗ 96 ತೋರಿಸುತ್ತದೆ, ಓಡಿದ ಕಿಲೋಮೀಟರೂ ಕಡಿಮೆ ಬೀಳುತ್ತದೆ. ಗೇರ್ ಅಷ್ಟರ ಮಟ್ಟಿಗೆ ಉದ್ದವಾದಂತಾಗಿ ಪಿಕಪ್ ಇಳಿಯುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಅಥವಾ ಹಿಂದೆ ಜನ ಕೂತು ಗುಂಡಿಗೆ ಇಳಿದಾಗ ಟೈರು ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಹೊದಿಕೆಗೆ ಉಜ್ಜಬಹುದು. ಅಂಗಡಿಯಲ್ಲಿ ಜಾಕ್ ಮೇಲೆ ನಿಂತ ಕಾರಿನಲ್ಲಿ ಇದು ಯಾವುದೂ ಕಾಣುವುದಿಲ್ಲ, 'ಕೂತಿತು ನೋಡಿ ಸಾರ್' ಅನ್ನುತ್ತಾರೆ. ಕೂರುತ್ತದೆ, ನಿಜ.

ರಿಮ್ಮಿನ ಅಗಲವೂ ಇದೆಯಲ್ಲ. 5.5 ಇಂಚಿನ ರಿಮ್ಮಿಗೆ 195 ಆಗುತ್ತದೆ, 215 ಆಗುವುದಿಲ್ಲ. ಕಿರಿದಾದ ರಿಮ್ಮಿನಲ್ಲಿ ಸೈಡ್‌ವಾಲ್ ಒಳಗೆ ಹಿಂಡಿಕೊಂಡು ಟ್ರೆಡ್ (ನೆಲಕ್ಕೆ ತಾಗುವ ಗೆರೆಗಳಿರುವ ಭಾಗ) ಉಬ್ಬುತ್ತದೆ. ನೆಲಕ್ಕೆ ತಾಗುವುದು ನಡುಭಾಗವೇ ಹೆಚ್ಚು, ಸವೆಯುವುದೂ ಅದೇ. ಹಿಡಿತಕ್ಕೆಂದು ಕೊಟ್ಟ ದುಡ್ಡು ಅಲ್ಲೇ ಹೋಯಿತು. ನಿಂತ ನೀರಿನ ಮೇಲೆ ಅಗಲದ ಟೈರ್ ಇನ್ನೂ ಬೇಗ ತೇಲುತ್ತದೆ.

ಅಗಲ ಬೇಕೇಬೇಕು ಅಂದರೆ ಶೇಕಡಾ ಇಳಿಸಬೇಕು. ಅದೇ ರಿಮ್ಮಿಗೆ 205/60 ಹಾಕಿದರೆ ವ್ಯಾಸ 627. ರಿಮ್ 16 ಇಂಚಿನದಾದರೆ 205/55, 631.9. ವ್ಯತ್ಯಾಸ ಶೇ. 2 ದಾಟಿದರೆ ನಾನು ಆ ಸೈಜ್ ಮುಟ್ಟುವುದಿಲ್ಲ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಅಥವಾ ಪೆಟ್ರೋಲ್ ಮುಚ್ಚಳದ ಒಳಗೆ ಕಾರಿನ ಕಂಪನಿಯ ಟೈರ್ ಸ್ಟಿಕ್ಕರ್ ಇರುತ್ತದೆ. ಅದರಲ್ಲಿ ಎರಡನೇ ಸೈಜ್ ಬರೆದಿದ್ದರೆ ಲೆಕ್ಕವೇ ಬೇಡ.

ಸೈಜಿನಷ್ಟೇ ಮುಖ್ಯ 91ಎಚ್. 91 ಅಂದರೆ ಒಂದು ಟೈರ್ 615 ಕೆ.ಜಿ. ಹೊರಬಲ್ಲದು. 88 ಇದ್ದರೆ 560. ನಾಲ್ಕಕ್ಕೆ 220 ಕೆ.ಜಿ. ಖೋತಾ. ಐದು ಜನ, ಡಿಕ್ಕಿ ತುಂಬ ಸಾಮಾನು, ಬಿಸಿಲು ಸೇರಿದಾಗ ಸೈಡ್‌ವಾಲ್ ಮಡಚಿ ಮಡಚಿ ಕಾಯುತ್ತದೆ. ಟೈರ್ ಸಿಡಿಯುವುದು ಹೀಗೆಯೇ. ಎಚ್ ಅಂದರೆ ಗಂಟೆಗೆ 210 ಕಿ.ಮೀ. ಮಿತಿ (ಟಿ 190, ವಿ 240). 'ಅಷ್ಟು ವೇಗ ಯಾರು ಹೋಗುತ್ತಾರೆ' ಎಂದು ಇಳಿಸಬೇಡಿ, ಆ ಅಕ್ಷರ ಶಾಖ ತಡೆಯುವ ಶಕ್ತಿಯನ್ನೂ ಹೇಳುತ್ತದೆ. ಎರಡರಲ್ಲೂ ಮೇಲಿನದು ನಡೆಯುತ್ತದೆ, ಕೆಳಗಿನದು ಬೇಡ.

ಡಿಒಟಿ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 3523 ಅಂದರೆ 2023ರ 35ನೇ ವಾರ. ಪೂರ್ತಿ ಸಾಲು ಟೈರಿನ ಒಂದೇ ಬದಿಗೆ ಇರಬಹುದು, ಆದ್ದರಿಂದ ರಿಮ್ಮಿಗೆ ಏರಿಸುವ ಮೊದಲೇ ನಾಲ್ಕನ್ನೂ ತಿರುಗಿಸಿ ನೋಡಿ. ಇನ್ನು 'ಮ್ಯಾಕ್ಸ್ ಪ್ರೆಸ್' ಅಂತ ಬರೆದಿರುವುದು ಟೈರಿನ ಮಿತಿ, ನಿಮ್ಮ ಕಾರಿನ ಗಾಳಿಯ ಅಳತೆ ಅಲ್ಲ. ಅಳತೆ ಆ ಸ್ಟಿಕ್ಕರಿನಲ್ಲಿದೆ, ಟೈರ್ ತಣ್ಣಗಿದ್ದಾಗ ಹಿಡಿಸಬೇಕು.

ಎರಡೇ ಬದಲಿಸುವುದಾದರೆ ಹೊಸವು ಹಿಂದಕ್ಕೆ. ಮುಂದಿನ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಕಾರಿಗೂ ಹೀಗೇ, ಯಾರು ಏನೇ ಅನ್ನಲಿ. ಒದ್ದೆ ರಸ್ತೆಯಲ್ಲಿ ಮುಂದಿನ ಟೈರ್ ಜಾರಿದರೆ ಕಾರು ನೆಟ್ಟಗೆ ಹೋಗುತ್ತದೆ, ವೇಗ ಇಳಿಸಿ ಹಿಡಿತಕ್ಕೆ ತರಬಹುದು. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ.

ಹಳೆಯ ಟೈರನ್ನು ಬಿಸಾಡುವ ಮುಂಚೆ ನೋಡಿ. ನಡು ಸವೆದಿದ್ದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ಒಂದೇ ಅಂಚು ಅಂದರೆ ಅಲೈನ್‌ಮೆಂಟ್ (ಚಕ್ರ ನಿಂತ ಕೋನ) ತಪ್ಪಿದೆ. ಅದನ್ನು ಸರಿಮಾಡದೆ ಹೊಸದು ಹಾಕಿದರೆ ಅದೂ ಹಾಗೇ ಸವೆಯುತ್ತದೆ.

ಈಗ ಕಂಪನಿ. ಟ್ರೆಡ್‌ವೇರ್ ಸಂಖ್ಯೆ (ಟೈರ್ ಎಷ್ಟು ನಿಧಾನ ಸವೆಯುತ್ತದೆ ಅನ್ನುವ ಅಂಕಿ) ನೋಡಿ ಎರಡು ಕಂಪನಿಗಳನ್ನು ಹೋಲಿಸಬೇಡಿ, ಅದನ್ನು ಕೊಟ್ಟುಕೊಳ್ಳುವುದು ಆಯಾ ಕಂಪನಿಯೇ. ಟ್ರಾಕ್ಷನ್ ದರ್ಜೆ (ಎಎ, ಎ, ಬಿ, ಸಿ) ಒದ್ದೆ ನೆಲದ ಮೇಲೆ ನೇರ ಬ್ರೇಕಿಂಗ್‌ಗೆ ಮಾತ್ರ, ತಿರುವಿಗಲ್ಲ. ಸರಿಯಾದ ಸೈಜ್, 91ಎಚ್, ಹೊಸ ತಾರೀಖು, ಟ್ರಾಕ್ಷನ್ ಎ ಸಿಕ್ಕರೆ ಹೆಸರಿರುವ ಯಾವುದಾದರೂ ತಗೊಳ್ಳಿ. ಹಾಕಿಸುವಾಗ ರಬ್ಬರ್ ವಾಲ್ವ್ ಹೊಸದು ಕೇಳಿ, ಬ್ಯಾಲೆನ್ಸಿಂಗ್ ಮಾಡಿಸಿ, 50–100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚ್‌ನಲ್ಲಿ (ಬಿಗಿತ ಅಳೆಯುವ ಸ್ಪಾನರ್) ಮತ್ತೊಮ್ಮೆ ನೋಡಿಸಿ.